ಮಾತಿಗೆ ವಿಳಾಸ ಕೊಟ್ಟ ಮುದ್ರಕ

ಬೈಬಲ್ಲಿನ ವಚನಗಳ ಅಂಕಿಗಳ ಬಗ್ಗೆ ಒಂದು ಕತೆ ಶತಮಾನಗಳಿಂದ ಓಡಾಡುತ್ತಿದೆ. ಪ್ಯಾರಿಸ್ಸಿನ ಮುದ್ರಕ ರೋಬೆರ್ ಎತಿಯೆನ್ ಕುದುರೆ ಮೇಲೆ ಕೂತು ಹೊಸ ಒಡಂಬಡಿಕೆಗೆ ಅಂಕಿ ಹಾಕುತ್ತಾ ಹೋದನಂತೆ. ಕುದುರೆ ಎಗರಿದಾಗಲೆಲ್ಲ ಲೇಖನಿ ಜಾರಿ, ಅಂಕಿ ವಾಕ್ಯದ ನಡುವೆಯೇ ಬಿತ್ತಂತೆ. ಪುಸ್ತಕಲೋಕದ ಬಹು ದೊಡ್ಡ ಉಪಾಯವೊಂದನ್ನು ಈ ಕತೆ ಆಕಸ್ಮಿಕವೆಂದು ತಳ್ಳಿಹಾಕುತ್ತದೆ. ಅದಕ್ಕೇ ನನಗಿದರ ಮೇಲೆ ಸಿಟ್ಟು. ಮಗ ಆನ್ರಿ ಬರೆದಿಟ್ಟದ್ದು ಇಷ್ಟೇ: ಕೆಲಸದ ಬಹುಪಾಲು ಪ್ಯಾರಿಸ್ಸಿನಿಂದ ಲಿಯೋನಿಗೆ ಕುದುರೆಯ ಮೇಲೆ ಹೋಗುವ ಪ್ರಯಾಣದಲ್ಲಿ ನಡೆಯಿತು. ಉಳಿದದ್ದೆಲ್ಲ ಬಾಯಿಂದ ಬಾಯಿಗೆ ಬೆಳೆದದ್ದು.

1503ರಲ್ಲಿ ಹುಟ್ಟಿದ ರೋಬೆರ್‌ನ ತಂದೆ ಮುದ್ರಕ, ಮಲತಂದೆ ಮುದ್ರಕ, ಮಾವನೂ ಮುದ್ರಕ. ಕರಡು ತಿದ್ದಲು ನಾನಾ ದೇಶಗಳ ಪಂಡಿತರು ಮನೆಯಲ್ಲೇ ಇರುತ್ತಿದ್ದುದರಿಂದ ಅಲ್ಲಿ ಎಲ್ಲರ ನಡುವಿನ ಭಾಷೆ ಲ್ಯಾಟಿನ್. ಕೆಲಸದವರಿಗೂ ಅದು ಅರ್ಥವಾಗುತ್ತಿತ್ತೆಂದು ಆನ್ರಿ ನೆನೆಯುತ್ತಾನೆ. ಆಗ ಎಲ್ಲರ ಕೈಯಲ್ಲಿದ್ದದ್ದು ಕಾಲೆಪಿನೋನ ಲ್ಯಾಟಿನ್ ನಿಘಂಟು. ಅದನ್ನು ತಿದ್ದಿಕೊಡಿ ಎಂದು ರೋಬೆರ್ ವಿದ್ವಾಂಸರನ್ನು ಕೇಳಿದ. ಯಾರೂ ಒಪ್ಪದಿದ್ದಾಗ ತಾನೇ ಕೂತು, ಪ್ರಾಚೀನ ಲೇಖಕರಿಂದಲೇ ಪ್ರಯೋಗಗಳನ್ನು ಹೆಕ್ಕಿ, 1531ರಲ್ಲಿ ಹೊಸ ನಿಘಂಟನ್ನೇ ಅಚ್ಚು ಹಾಕಿಸಿದ. 1539ರಲ್ಲಿ ಫ್ರೆಂಚ್–ಲ್ಯಾಟಿನ್ ನಿಘಂಟೂ ಬಂತು. ಅದೇ ವರ್ಷ ಹೀಬ್ರೂ, ಲ್ಯಾಟಿನ್ ಪುಸ್ತಕಗಳಿಗೆ ರಾಜಮುದ್ರಕನಾದ.

ಆದರೆ ಅವನ ಬೈಬಲ್ ಟಿಪ್ಪಣಿಗಳನ್ನು ಪ್ಯಾರಿಸ್ಸಿನ ದೇವತಾಶಾಸ್ತ್ರಿಗಳು ಸಹಿಸಲಿಲ್ಲ. ಕಾಪಾಡುತ್ತಿದ್ದ ದೊರೆ ಒಂದನೇ ಫ್ರಾನ್ಸಿಸ್ 1547ರಲ್ಲಿ ತೀರಿಕೊಂಡ. ಕೆಲವೇ ವರ್ಷಗಳಲ್ಲಿ ರೋಬೆರ್ ಜಿನೀವಾ ಸೇರಿದ.

ಅಂಕಿ ಹಾಕಿದ ಹೊಸ ಒಡಂಬಡಿಕೆ ಹೊರಬಂದದ್ದು 1551ರಲ್ಲಿ. ಅದರ ಪುಟ ನೋಡಿದರೆ ಕುದುರೆ ಎಗರಿದ ಕತೆ ನಿಲ್ಲುವುದಿಲ್ಲ. ನಡುವೆ ಗ್ರೀಕ್ ಮೂಲ, ಎರಡು ಪಕ್ಕದಲ್ಲಿ ಎರಡು ಬೇರೆ ಬೇರೆ ಲ್ಯಾಟಿನ್ ಅನುವಾದ. ಒಂದೇ ಮಾತು ಒಂದು ಭಾಷೆಯಲ್ಲಿ ಉದ್ದ, ಇನ್ನೊಂದರಲ್ಲಿ ಗಿಡ್ಡ. ನಾಲ್ಕು ಸಾಲು ಓದುವುದರೊಳಗೆ ಮೂರೂ ಕಾಲಂ ಹೊಂದಾಣಿಕೆ ತಪ್ಪುತ್ತವೆ. ಸಣ್ಣ ಸಣ್ಣ ತುಂಡು ಮಾಡಿ ಒಂದೇ ಅಂಕಿ ಕೊಟ್ಟರೆ ಕಣ್ಣು ದಾರಿ ತಪ್ಪದು.

ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಕೈಬರಹದ ಪ್ರತಿಗಳಲ್ಲಿ ಒಂದರ ಹತ್ತನೇ ಹಾಳೆಯಲ್ಲಿದ್ದದ್ದು ಇನ್ನೊಂದರ ಹದಿನೈದನೆಯದರಲ್ಲಿ ಇರುತ್ತಿತ್ತು. ಅಚ್ಚು ಬಂದ ಮೇಲೆ ಒಂದು ಮುದ್ರಣದ ಪ್ರತಿಗಳೆಲ್ಲ ಒಂದೇ ತೆರನಾದವು. ಆದರೂ ಮರುಮುದ್ರಣದಲ್ಲಿ ಅಕ್ಷರದ ಗಾತ್ರ ಬದಲಾದರೆ ಪುಟಸಂಖ್ಯೆ ಕೆಲಸಕ್ಕೆ ಬಾರದು. ವಚನದ ಅಂಕಿ ಹಾಗಲ್ಲ. ಅದು ಜಮೀನಿನ ಸರ್ವೆ ನಂಬರ್ ಇದ್ದಂತೆ: ಬೆಳೆ ಬದಲಾಗಲಿ, ಒಡೆಯ ಬದಲಾಗಲಿ, ನಂಬರ್ ಕದಲುವುದಿಲ್ಲ. ಗಡಿ ಎಲ್ಲಿ ಹಾದರೂ ಸರಿ, ಎಲ್ಲರೂ ಅದನ್ನೇ ಒಪ್ಪಿದರಾಯಿತು. ಹಾಗಾಗಿ ವಾಕ್ಯದ ನಡುವೆ ಅಂಕಿ ಬಿದ್ದರೂ ಹುಡುಕುವವನಿಗೆ ತೊಂದರೆಯಿಲ್ಲ. ಯಾವ ಪದ ಎಲ್ಲೆಲ್ಲಿ ಬರುತ್ತದೆಂದು ತೋರಿಸುವ ಪದಸೂಚಿಗೆ ಬೇಕಾದದ್ದು ಇಂಥ ವಿಳಾಸವೇ. 1555ರಲ್ಲಿ ರೋಬೆರ್ ಇಡೀ ಲ್ಯಾಟಿನ್ ಬೈಬಲ್ಲಿಗೆ ಅಂಕಿ ಹಾಕಿ ಅಚ್ಚು ಮಾಡಿದ. ಅದೇ ವರ್ಷ ಪದಸೂಚಿಯನ್ನೂ ಹೊರತಂದ. ಇವತ್ತು ಕನ್ನಡ ಬೈಬಲ್ಲಿನಲ್ಲಿ ಯೋಹಾನ 3:16 ತೆರೆಯುವವರು ಬಳಸುವುದೂ ಅವನು ಹಾಕಿದ ವಚನದ ಅಂಕಿಯನ್ನೇ.

ರೋಬೆರ್ 1559ರಲ್ಲಿ ಜಿನೀವಾದಲ್ಲಿ ತೀರಿಕೊಂಡ. ಆನ್ರಿ 1572ರಲ್ಲಿ ಗ್ರೀಕ್ ಭಾಷೆಯ ಬೃಹತ್ ನಿಘಂಟು ತಂದು ಸಾಲದಲ್ಲಿ ಮುಳುಗಿದ. ಅವನಲ್ಲೇ ಕೆಲಸಕ್ಕಿದ್ದ ಸ್ಕಾಪುಲಾ ಮುಂದೆ ಅದನ್ನು ಕಿರಿದುಗೊಳಿಸಿ ಅಗ್ಗವಾಗಿ ಮಾರಿದ್ದು ಗಾಯದ ಮೇಲೆ ಬರೆ. ಸಾಲದ ನಡುವೆಯೂ ಆನ್ರಿ ನಿಲ್ಲಲಿಲ್ಲ. 1578ರಲ್ಲಿ ಪ್ಲೇಟೋನ ಕೃತಿಗಳನ್ನು ಅಚ್ಚು ಮಾಡಿ, ಪ್ರತಿ ಪುಟವನ್ನೂ ಎ, ಬಿ, ಸಿ, ಡಿ, ಇ ಎಂದು ಭಾಗ ಮಾಡಿದ. ‘ರಿಪಬ್ಲಿಕ್’ನ ಗುಹೆಯ ಪ್ರಸಂಗ ಎಲ್ಲಿದೆ ಎಂದರೆ ಇಂದಿಗೂ ವಿದ್ವಾಂಸರ ಉತ್ತರ 514ಎ, ಅಂದರೆ ಆ ಮುದ್ರಣದ 514ನೇ ಪುಟದ ಎ ಭಾಗ, ಕೈಯಲ್ಲಿ ಯಾವ ಭಾಷೆಯ ಪ್ರತಿಯೇ ಇರಲಿ.