ಹಾಟ್ ಪ್ಲಗ್ ಅಂದರೆ ಬಿಸಿ ಕಿಡಿ ಅಲ್ಲ ಗೌಡ್ರೇ

ಕಳೆದ ತಿಂಗಳು ಆಲ್ದೂರು ಕಡೆಯ ಗೌಡ್ರೊಬ್ಬರು ಗ್ಯಾರೇಜಿಗೆ ಬಂದರು. ಕೈಯಲ್ಲಿ ಸ್ಪಾರ್ಕ್ ಪ್ಲಗ್ಗಿನ ನಾಲ್ಕು ಪುಟ್ಟ ಡಬ್ಬಿ. ಅವರ ತಂದೆಯ ಕಾಲದ ಅಂಬಾಸಿಡರ್ ಇಂಜಿನ್ ಆಗಷ್ಟೇ ನಮ್ಮಲ್ಲಿ ಸಿಲಿಂಡರ್ ಕೊರೆಸಿ ಬೋರ್ ಆಗಿ, ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿಸಿಕೊಂಡು ಸ್ಟ್ಯಾಂಡಿನ ಮೇಲೆ ಕೂತಿತ್ತು. "ಮೇಸ್ತ್ರಿ, ಇಷ್ಟೆಲ್ಲಾ ಖರ್ಚು ಮಾಡಿದೀನಿ. ಪ್ಲಗ್ಗಿಗೆ ಯಾಕೆ ಕಂಜೂಸ್‌ತನ? ಹಾಟ್ ಪ್ಲಗ್ಗೇ ತಂದಿದೀನಿ. ಕಿಡಿ ಜೋರಾಗಿ ಬರ್ಲಿ" ಅಂದರು.

ಡಬ್ಬಿ ತಿರುಗಿಸಿ ನೋಡಿದೆ. ನಿಜವಾಗಿಯೂ ಹಾಟ್ ಪ್ಲಗ್ಗೇ. ಆ ಇಂಜಿನ್‌ಗೆ ಬೇಕಾದ್ದಕ್ಕಿಂತ ಎರಡು ಮೆಟ್ಟಿಲು ಹಾಟ್. ಏನೂ ಹೇಳದೆ ಮೊದಲು ಕಾಫಿ ತರಿಸಿದೆ. ಈ ಮಾತು ಕಾಫಿ ಇಲ್ಲದೆ ಮುಗಿಯುವಂಥದ್ದಲ್ಲ ಅಂತ ನನಗೆ ಗೊತ್ತು. ವರ್ಷಕ್ಕೆ ಏಳೆಂಟು ಸಲ ಇದನ್ನೇ ಹೇಳುತ್ತೇನೆ. ಅದಕ್ಕೇ ಈ ಸಲ ಬರೆದೇ ಬಿಡೋಣ ಅನ್ನಿಸಿತು.

ಹಾಟ್, ಕೋಲ್ಡ್ ಅನ್ನುವುದು ಕಿಡಿಯ ಲೆಕ್ಕವೇ ಅಲ್ಲ. ಕಿಡಿ ಜೋರಾಗಿ ಬರಬೇಕಾ, ಕಾಯಿಲ್ ನೋಡಿ, ಪಾಯಿಂಟ್ ನೋಡಿ, ಕಂಡೆನ್ಸರ್ ನೋಡಿ, ಬ್ಯಾಟರಿ ನೋಡಿ. ಪ್ಲಗ್ ಅಂದರೆ ಆ ಕಿಡಿ ಹಾರುವ ಜಾಗ, ಅಷ್ಟೆ. ಹಾಟ್ ಅಂದರೆ ಪ್ಲಗ್‌ನ ತುದಿ ತನ್ನ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ ಅಂತ. ಕೋಲ್ಡ್ ಅಂದರೆ ಬೇಗ ಬಿಟ್ಟುಕೊಡುತ್ತದೆ ಅಂತ.

ಡಿಸೆಂಬರ್ ಬೆಳಿಗ್ಗೆ ತೋಟಕ್ಕೆ ಹೋಗುವಾಗ ಕಂಬಳಿ ಹೊದೆಯುತ್ತೀರಿ ಅಲ್ವಾ? ಕಂಬಳಿ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ನಿಮ್ಮ ಮೈಯ ಬಿಸಿ ಹೊರಗೆ ಹೋಗದ ಹಾಗೆ ಹಿಡಿದುಕೊಳ್ಳುತ್ತದೆ. ಹಾಟ್ ಪ್ಲಗ್ ಅಂದರೆ ಕಂಬಳಿ ಹೊದ್ದ ಪ್ಲಗ್. ಕೋಲ್ಡ್ ಪ್ಲಗ್ ಅಂದರೆ ಬನಿಯನ್‌ನಲ್ಲಿ ನಿಂತ ಪ್ಲಗ್. ಕಂಬಳಿ ಹೊದ್ದುಕೊಂಡೇ ಮಧ್ಯಾಹ್ನ ಮುಳ್ಳಯ್ಯನಗಿರಿ ಹತ್ತಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಪ್ಲಗ್ಗನ್ನೇ ಕೈಯಲ್ಲಿ ಹಿಡಿದು ನೋಡಿ. ಕೆಳಗೆ ಬಿಳಿ ಪಿಂಗಾಣಿಯ ಮೂಗು ಇದೆ. ಅದು ಲೋಹದ ಮೈಗೆ ತಾಗುವ ಜಾಗ ಎಷ್ಟು ಒಳಗಿದೆ ಅಂತ ಇಣುಕಿ. ಮೂಗು ಉದ್ದ ಇದ್ದರೆ ತುದಿಯ ಬಿಸಿ ಹೆಡ್ಡಿಗೆ ಇಳಿಯಲು ದೂರದ ದಾರಿ. ಹಾಗಾಗಿ ತುದಿ ಬಿಸಿಯಾಗಿಯೇ ಇರುತ್ತದೆ. ಮೂಗು ಗಿಡ್ಡ ಇದ್ದರೆ ಹತ್ತಿರದ ದಾರಿ, ತುದಿ ಬೇಗ ತಣಿಯುತ್ತದೆ. ಒಂದು ಮೆಟ್ಟಿಲು ಬದಲಿಸಿದರೆ ತುದಿಯ ಬಿಸಿಯಲ್ಲಿ 70ರಿಂದ 100 ಡಿಗ್ರಿ ವ್ಯತ್ಯಾಸ ಬರುತ್ತದೆ. ಎರಡು ಮೆಟ್ಟಿಲು ಅಂದರೆ ಹುಡುಗಾಟ ಅಲ್ಲ.

ತುದಿ ಸುಮಾರು 450 ಡಿಗ್ರಿಗಿಂತ ಕೆಳಗೆ ಇದ್ದರೆ ಮಸಿ ಸುಟ್ಟುಹೋಗುವುದಿಲ್ಲ. ಅದು ಕೂತು ಕೂತು, ಕರೆಂಟು ಕಿಡಿಯಾಗುವ ಬದಲು ಮಸಿಯ ಮೇಲೆ ಹರಿದುಹೋಗುತ್ತದೆ. ಗಾಡಿ ಮಿಸ್ ಹೊಡೆಯುತ್ತದೆ. 850 ದಾಟಿ ಮೇಲೆ ಹೋದರೆ ಇನ್ನೊಂದು ಅಪಾಯ. ತುದಿ ಕೆಂಡದ ಹಾಗೆ ಕಾದು, ಕಿಡಿ ಬರುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಮೇಲಿನಿಂದ ಹೊಡೆತ. ಮಸಿ ಕೂತರೆ ಪ್ಲಗ್ ತೊಳೆದರಾಯಿತು. ಇದಕ್ಕೆ ಪಿಸ್ಟನ್ನೇ ಬಲಿ.

ಇದು ನನಗೆ ಪುಸ್ತಕದಿಂದ ಬಂದ ಬುದ್ಧಿ ಅಲ್ಲ. ಗ್ಯಾರೇಜು ಶುರು ಮಾಡಿದ ಹೊಸದರಲ್ಲಿ ರಿಟೈರ್ ಆದ ಮಾಸ್ಟರೊಬ್ಬರ ಪದ್ಮಿನಿ ಕಾರಿನ ಇಂಜಿನ್ ಬಿಚ್ಚಿ ಕಟ್ಟಿದ್ದೆ. ಹೆಡ್ಡು ಸ್ವಲ್ಪ ಉಜ್ಜಿಸಿದ್ದರಿಂದ ಕಂಪ್ರೆಶನ್ ಏರಿತ್ತು. ಅವರು ಮನೆಮಂದಿ ಜೊತೆ ಮಂಗಳೂರಿಗೆ ಹೊರಟಿದ್ದರು. ಒಂದು ಮೆಟ್ಟಿಲು ಕೋಲ್ಡ್ ಪ್ಲಗ್ ಹಾಕೋಣ ಅಂತ ನನ್ನ ಯೋಚನೆ. ಯೋಚನೆ ಸರಿಯೇ ಇತ್ತು. ಆದರೆ ನನ್ನ ತಲೆಯಲ್ಲಿ ಎನ್‌ಜಿಕೆ ಕಂಪನಿಯ ಪ್ಲಗ್ಗಿನ ಲೆಕ್ಕ ಕೂತಿತ್ತು: ನಂಬರ್ ಜಾಸ್ತಿ ಆದಷ್ಟೂ ಕೋಲ್ಡ್. ಅಂಗಡಿಯಲ್ಲಿ ಸಿಕ್ಕಿದ್ದು ಮೈಕೋ ಪ್ಲಗ್. ಜಾಸ್ತಿ ನಂಬರಿನದ್ದನ್ನೇ ಆರಿಸಿ ತಂದು ಹಾಕಿದೆ.

ಹೋಗುವಾಗ ಇಳಿಜಾರು, ಏನೂ ಗೊತ್ತಾಗಲಿಲ್ಲ. ವಾಪಸ್ ಬರುವಾಗ ಚಾರ್ಮಾಡಿ ಏರಿನಲ್ಲಿ ಇಂಜಿನ್ ಟಕಟಕ ಅನ್ನಲು ಶುರು ಮಾಡಿತಂತೆ. ಹೇಗೋ ಕೊಟ್ಟಿಗೆಹಾರ ತಲುಪಿ, ನೀರ್‌ದೋಸೆ ತಿನ್ನೋಣ ಅಂತ ನಿಲ್ಲಿಸಿ ಕೀ ತೆಗೆದರೆ, ಇಂಜಿನ್ ನಿಲ್ಲಲೇ ಇಲ್ಲ. ಕೆಮ್ಮುತ್ತಾ ಕುಣಿಯುತ್ತಾ ಇತ್ತು. ನಾನು ಹೋಗಿ ಪ್ಲಗ್ ಬಿಚ್ಚಿದಾಗ ಎರಡನೇ ಸಿಲಿಂಡರಿನದ್ದರ ತುದಿ ಕರಗಿ ಮೊಂಡಾಗಿತ್ತು. ಪಿಸ್ಟನ್‌ನ ಅಂಚು ಇಲಿ ಕಡಿದ ಹಾಗೆ. ಪಿಸ್ಟನ್ ದುಡ್ಡು ನನ್ನ ಕೈಯಿಂದಲೇ ಹೋಯಿತು. ಮಾಸ್ಟರು ಒಂದು ಮಾತು ಬೈಯಲಿಲ್ಲ. "ನಂಬರ್ ಓದೋದು ಕಲಿಯಪ್ಪಾ" ಅಂದರು, ಅಷ್ಟೆ. ಬೈದಿದ್ದರೇ ವಾಸಿ ಇತ್ತು.

ಆದ್ದರಿಂದ ನಂಬರ್ ಓದುವುದು ಹೇಗೆ ಅಂತ ಕೇಳಿ. ಎನ್‌ಜಿಕೆಯಲ್ಲಿ ನಂಬರ್ ಏರಿದಷ್ಟೂ ಕೋಲ್ಡ್. ಬಾಷ್‌ನಲ್ಲಿ ನಂಬರ್ ಏರಿದಷ್ಟೂ ಹಾಟ್. ಚಾಂಪಿಯನ್‌ನಲ್ಲೂ ಹಾಗೇ. ಸರಿ, ಇಷ್ಟೇ ಆಗಿದ್ದರೆ ನೆನಪಿಟ್ಟುಕೊಳ್ಳಬಹುದಿತ್ತು. ಆದರೆ ಬಾಷ್‌ನವರ ಹಳೇ ಲೆಕ್ಕದಲ್ಲಿ 145, 175, 225 ಅಂತ ನಂಬರ್ ಇರುತ್ತಿತ್ತು. ಅದರಲ್ಲಿ ದೊಡ್ಡ ನಂಬರ್ ಅಂದರೆ ಕೋಲ್ಡ್! ಹಳೇ 175 ಹೊಸ ಲೆಕ್ಕದಲ್ಲಿ 7 ಆಯಿತು. ಬೆಂಗಳೂರಿನ ಮೈಕೋ ಬಾಷ್‌ನ ಕಂಪನಿಯೇ ಆಗಿದ್ದರಿಂದ ಎರಡೂ ಲೆಕ್ಕದ ಡಬ್ಬಿ ನಮ್ಮ ಕಡೆ ಅಟ್ಟದ ಮೇಲೆ ಈಗಲೂ ಸಿಗುತ್ತವೆ. ಅಪ್ಪನ ಕಾಲದ ಡಬ್ಬಿ ಹಿಡಿದು ಅಂಗಡಿಗೆ ಹೋಗಿ ಇಂಥದ್ದೇ ಕೊಡಿ ಅಂದರೆ ಆ ಹುಡುಗ ಏನು ಕೊಡುತ್ತಾನೋ ದೇವರೇ ಬಲ್ಲ. ಹೋಲಿಸಲು ಒಂದು ಸಾಲು ಬರೆದಿಟ್ಟುಕೊಳ್ಳಿ: ಎನ್‌ಜಿಕೆ ಬಿಪಿ6ಇಎಸ್, ಬಾಷ್ ಡಬ್ಲ್ಯೂ7ಡಿಸಿ, ಚಾಂಪಿಯನ್ ಎನ್9ವೈಸಿ, ಈ ಮೂರೂ ಹೆಚ್ಚುಕಮ್ಮಿ ಒಂದೇ ಪ್ಲಗ್. ನಂಬರ್ ನೋಡಿ: 6, 7, 9.

ಇನ್ನು ನಿಮ್ಮ ಗಾಡಿಗೆ ಯಾವುದು? ಕಂಪನಿ ಪುಸ್ತಕದಲ್ಲಿರುವ ಹೀಟ್ ರೇಂಜ್, ಅಂದರೆ ಈ ಹಾಟ್-ಕೋಲ್ಡ್ ನಂಬರ್, ಮೊದಲು. ಅಲ್ಲಿಂದ ಹೆಚ್ಚೆಂದರೆ ಒಂದು ಮೆಟ್ಟಿಲು ಆಚೆ ಈಚೆ. ಅದೂ ಗಾಡಿ ಎಲ್ಲಿ ಓಡುತ್ತದೆ ಅಂತ ನೋಡಿ. ನಮ್ಮ ಊರಿನಲ್ಲಿ ಇದೇ ದೊಡ್ಡ ವಿಷಯ. ಎಸ್ಟೇಟ್ ಗಾಡಿ ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಆಗುತ್ತದೆ. ಬಂಗಲೆಯಿಂದ ಕಣಕ್ಕೆ ಹೋಗಿ ನಿಲ್ಲುತ್ತದೆ. ಕಣದಿಂದ ಕೂಲಿ ಲೈನಿಗೆ ಹೋಗಿ ಮತ್ತೆ ನಿಲ್ಲುತ್ತದೆ. ಇಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಮೇಲೆ ನಮ್ಮ ಎತ್ತರ ಬೇರೆ. ಚಿಕ್ಕಮಗಳೂರೇ ಸುಮಾರು ಸಾವಿರ ಮೀಟರ್ ಮೇಲಿದೆ, ಮುಳ್ಳಯ್ಯನಗಿರಿ 1930. ಮೇಲೆ ಹೋದಷ್ಟೂ ಗಾಳಿ ತೆಳು. ಕಾರ್ಬೊರೇಟರ್‌ಗೆ ಅದು ಗೊತ್ತಾಗುವುದಿಲ್ಲ, ಪೆಟ್ರೋಲು ಬಿಡುವುದನ್ನು ಕಮ್ಮಿ ಮಾಡುವುದಿಲ್ಲ. ಪ್ಲಗ್ ಕಪ್ಪಾಗುತ್ತದೆ. ಇಂಥ ಗಾಡಿಗೆ ಒಂದು ಮೆಟ್ಟಿಲು ಹಾಟ್, ಅಂದರೆ ಎನ್‌ಜಿಕೆಯ 6ರ ಬದಲು 5, ನಾನೇ ಹಾಕಿದ್ದೇನೆ. ಅದೇ ಗಾಡಿ ವಾರಕ್ಕೊಮ್ಮೆ ಬೆಂಗಳೂರು ಹೈವೇಯಲ್ಲಿ ಓಡುವುದಾದರೆ ಆ 5 ಬೇಡ. ನೀವು ಯಾವ ತರಹ ಓಡಿಸುತ್ತೀರಿ ಅಂತ ಮೆಕ್ಯಾನಿಕ್‌ಗೆ ನಿಜ ಹೇಳಿ. "ಸುಮ್ನೆ ಊರೊಳಗೆ" ಅಂತ ಹೇಳಿ ಮರುದಿನ ಗೋವಾಕ್ಕೆ ಹೋಗಬೇಡಿ.

ಗೌಡ್ರು ಇಷ್ಟೆಲ್ಲಾ ಕೇಳಿ, "ಹಾಗಾದ್ರೆ ರೇಸಿಂಗ್ ಪ್ಲಗ್ ತರ್ಲಾ?" ಅಂದರು. ರೇಸಿಂಗ್ ಪ್ಲಗ್ ಅಂದರೆ ತುಂಬಾ ಕೋಲ್ಡ್. ಕಣದ ತನಕವೂ ಸರಿಯಾಗಿ ಹೋಗುವುದಿಲ್ಲ. ಇರಿಡಿಯಂ ಲೋಹದ ತುದಿಯ ಪ್ಲಗ್? ಹಾಕಿಕೊಳ್ಳಿ, ಕೆಡುಕಿಲ್ಲ, ಬಾಳಿಕೆ ಬರುತ್ತದೆ. ಆದರೆ ಹೊಸದಾಗಿ ಕಟ್ಟಿದ ಇಂಜಿನ್‌ಗೆ ಮೊದಲ ದಿನವೇ ಬೇಡ. ರಿಂಗ್ ಕೂರುವ ತನಕ ಆಯಿಲ್ ಸ್ವಲ್ಪ ಮೇಲೆ ಬಂದೇ ಬರುತ್ತದೆ, ಪ್ಲಗ್ ಒದ್ದೆಯಾಗುತ್ತದೆ. ಮೊದಲ 800 ಕಿ.ಮೀ. ಅಗ್ಗದ ಮಾಮೂಲಿ ಪ್ಲಗ್ ಸಾಕು. ಆಮೇಲೆ ಬಿಸಾಡಿ.

ಬಣ್ಣದ ವಿಷಯ. "ಪ್ಲಗ್ ಕಾಫಿ ಬಣ್ಣ ಇರಬೇಕು" ಅಂತ ನಮ್ಮ ಗುರುಗಳು ಹೇಳಿಕೊಟ್ಟಿದ್ದರು. ಹಾಲು ಹಾಕಿದ ಕಾಫಿ, ಕಪ್ಪು ಕಾಫಿ ಅಲ್ಲ. ಅದು ಸೀಸದ ಪೆಟ್ರೋಲಿನ ಕಾಲದ ಪಾಠ. 2000ನೇ ಇಸವಿಯಲ್ಲಿ ದೇಶದಲ್ಲೆಲ್ಲಾ ಸೀಸ ನಿಂತಿತು. ಈಗಿನ ಪೆಟ್ರೋಲಿನಲ್ಲಿ ಸರಿಯಾಗಿ ಉರಿಯುವ ಪ್ಲಗ್ಗೂ ಬಿಳಿಚಿಕೊಂಡೇ ಕಾಣುತ್ತದೆ. ಅದನ್ನು ನೋಡಿ ಗಾಬರಿಯಾಗಿ, ಪೆಟ್ರೋಲು ಜಾಸ್ತಿ ಬರಲಿ ಅಂತ ಕಾರ್ಬೊರೇಟರಿನ ಜೆಟ್ ದೊಡ್ಡದು ಮಾಡಿಸುವವರಿದ್ದಾರೆ. ಬಿಳಿ ಇದ್ದರೆ ಸಾಲದು, ಪಿಂಗಾಣಿಯ ಮೇಲೆ ಸಣ್ಣ ಗುಳ್ಳೆ, ಲೋಹದ ಚುಕ್ಕಿ ಕಂಡರೆ ಮಾತ್ರ ಹೆದರಿ. ಹಾಗಂತ ಪೂರ್ತಿ ನಿಶ್ಚಿಂತೆಯೂ ಬೇಡ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಹಳೇ ಕಾರ್ಬೊರೇಟರಿನಲ್ಲಿ ಅದು ಸ್ವಲ್ಪ ಲೀನ್ ಆಗಿ, ಅಂದರೆ ಗಾಳಿ ಜಾಸ್ತಿಯಾಗಿ, ಉರಿಯುತ್ತದೆ. ಕಟ್ಟಿದ ಇಂಜಿನ್‌ನ ಟ್ಯೂನಿಂಗ್ ಅದೇ ಪೆಟ್ರೋಲಿನಲ್ಲಿ ಮಾಡಿಸಿ. ಹಳೇ ಸೆಟ್ಟಿಂಗಿನಲ್ಲೇ ಬಿಟ್ಟುಬಿಡಬೇಡಿ.

ರೀಚ್, ಅಂದರೆ ಪ್ಲಗ್ಗಿನ ಥ್ರೆಡ್ ಉದ್ದದ ಬಗ್ಗೆ ಒಂದೇ ಮಾತು. ಥ್ರೆಡ್ 14 ಎಂಎಂ ಆದ ಮಾತ್ರಕ್ಕೆ ಎಲ್ಲಾ ಪ್ಲಗ್ ಒಂದೇ ಅಲ್ಲ. ಅಂಬಾಸಿಡರ್‌ನ 1489 ಸಿಸಿ ಇಂಜಿನ್‌ಗೆ 19 ಎಂಎಂ ಉದ್ದದ ಥ್ರೆಡ್. ಹಳೇ ವಿಲ್ಲಿಸ್ ಮೂಲದ ಪೆಟ್ರೋಲ್ ಜೀಪಿನದ್ದು ಗಿಡ್ಡ. ಅದರದ್ದು ಇದಕ್ಕೆ, ಇದರದ್ದು ಅದಕ್ಕೆ ಹಾಕಬೇಡಿ. ಹೆಡ್ಡು ಉಜ್ಜಿಸಿದ್ದರೆ ಮೂಗು ಮುಂದೆ ಚಾಚಿದ ಪ್ಲಗ್ ಪಿಸ್ಟನ್‌ಗೆ ತಾಗುತ್ತದಾ ಅಂತ ಕೈಯಿಂದ ಇಂಜಿನ್ ತಿರುಗಿಸಿ ನೋಡಿ. ಕಿಡಿ ಹಾರುವ ಗ್ಯಾಪ್, ಪಾಯಿಂಟ್ ಇರುವ ಅಂಬಾಸಿಡರ್‌ಗೆ 25 ಥೌ (ಇಂಚಿನ ಸಾವಿರದಲ್ಲಿ 25 ಪಾಲು) ಇಡುತ್ತೇನೆ, ಫೀಲರ್ ಗೇಜ್‌ನಲ್ಲಿ, ಕಣ್ಣಂದಾಜಿನಲ್ಲಿ ಅಲ್ಲ. ಹೊಸ ಪ್ಲಗ್ ಕೈಯಿಂದ ಪೂರ್ತಿ ಕೂರಿಸಿ, ಆಮೇಲೆ ಪಾನಾದಲ್ಲಿ ಅರ್ಧ ಸುತ್ತು, ಜಾಸ್ತಿ ಅಂದರೆ ಇನ್ನು ಸ್ವಲ್ಪ. ನಮ್ಮ ಹುಡುಗರಿಗೆ ಇದೊಂದು ಹೇಳಿ ಹೇಳಿ ಸಾಕಾಗಿದೆ. ಪಾನಾ ಮೇಲೆ ನಿಂತು ಬಿಗಿಯುತ್ತಾರೆ.

ಗೌಡ್ರ ಗಾಡಿಗೆ ಕೊನೆಗೆ ಮಾಮೂಲಿ ಬಿಪಿ6ಇಎಸ್ ಹಾಕಿ ಕಳಿಸಿದೆ. ಅವರ ಹಾಟ್ ಪ್ಲಗ್ ಡಬ್ಬಿಗಳು ನನ್ನ ಶೆಲ್ಫಿನಲ್ಲಿವೆ. ಮೊನ್ನೆ 800 ಕಿ.ಮೀ. ಮುಗಿಸಿಕೊಂಡು ಬಂದರು. ಮುಖ ಸಪ್ಪಗಿತ್ತು. "ಮಳೆ ಬಂದಾಗಿನಿಂದ ಮಿಸ್ ಹೊಡೀತಿದೆ ಮೇಸ್ತ್ರಿ. ಹಾಟ್ ಹಾಕಿದ್ರೆ ಹೀಗಾಗ್ತಿರ್ಲಿಲ್ಲ" ಅಂದರು. ನಾಲ್ಕೂ ಪ್ಲಗ್ ಬಿಚ್ಚಿ ಪೇಪರ್ ಮೇಲೆ ಒಂದರಿಂದ ನಾಲ್ಕು ಸಾಲಾಗಿಟ್ಟೆ. ಒಂದು, ಎರಡು, ನಾಲ್ಕು ಚೆನ್ನಾಗಿದ್ದವು. ಮೂರನೆಯದು ಮಾತ್ರ ಕಪ್ಪಗೆ, ಪೆಟ್ರೋಲಿನಲ್ಲಿ ಒದ್ದೆ. ಹೀಟ್ ರೇಂಜ್ ತಪ್ಪಾಗಿದ್ದರೆ ನಾಲ್ಕೂ ಒಂದೇ ತರಹ ಹೇಳುತ್ತಿದ್ದವು. ಬಾನೆಟ್ ಒಳಗೆ ಲೈಟ್ ಆರಿಸಿ, ಇಂಜಿನ್ ಸ್ಟಾರ್ಟ್ ಮಾಡಿ, ಮೂರನೇ ವೈರಿಗೆ ಸ್ವಲ್ಪ ನೀರು ಚಿಮುಕಿಸಿದೆ. ವೈರಿನ ಮೈಮೇಲೆ ನೀಲಿ ಕಿಡಿ ಹರಿದಾಡಿತು. ಗೌಡ್ರು ಬಗ್ಗಿ ನೋಡಿ, "ಇಷ್ಟು ಜೋರು ಕಿಡಿ ಇದೆಯಲ್ರೀ!" ಅಂದರು.

ವೈರ್ ಸೆಟ್ ಬದಲಿಸಿ ಕೊಟ್ಟೆ.