ದೇಹದ ಮೇಲಿನ ಬೇಸರಕ್ಕೆ ವಯಸ್ಸಾಗುವುದಿಲ್ಲವೇ?

ತನ್ನ ಮೈಕಟ್ಟಿನ ಬಗ್ಗೆ ಕೊರಗುವುದು ಹದಿಹರೆಯದ ಹುಡುಗಿಯರ ಗೀಳು, ಮದುವೆ ಮಕ್ಕಳಾದ ಮೇಲೆ ತಾನಾಗಿ ಬಿಟ್ಟುಹೋಗುತ್ತದೆ ಎಂದು ನಂಬಿದವರೇ ನಮ್ಮಲ್ಲಿ ಹೆಚ್ಚು. ಆಸ್ಟ್ರೇಲಿಯಾದ ಮನೋವಿಜ್ಞಾನಿ ಮರಿಕಾ ಟಿಗೆಮನ್ 2004ರಲ್ಲಿ ಈ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದಾಗ ಕಂಡದ್ದು ಬೇರೆ: ವಯಸ್ಕ ಮಹಿಳೆಯರ ಅತೃಪ್ತಿ ವರ್ಷಗಳು ಕಳೆದಂತೆ ಅಷ್ಟೇನೂ ತಗ್ಗುವುದಿಲ್ಲ; ತಗ್ಗುವುದು ರೂಪಕ್ಕೆ ಅವರು ಕೊಡುವ ಮಹತ್ವ.

ಮಲ್ಲೇಶ್ವರದ ಯಾವುದೇ ಟೈಲರ್ ಅಂಗಡಿಯಲ್ಲಿ ಈ ವ್ಯತ್ಯಾಸ ಕಿವಿಗೆ ಬೀಳುತ್ತದೆ. “ತೋಳು ದಪ್ಪ ಕಾಣತ್ತೆ, ಈ ಬ್ಲೌಸ್ ನಾನು ಹಾಕ್ಕೊಳ್ಳಲ್ಲ” ಎಂದು ಮಗಳು ಮುಖ ಸಣ್ಣ ಮಾಡಿಕೊಂಡರೆ, ತಾಯಿ “ನನ್ನ ತೋಳಂತೂ ಕೇಳಲೇಬೇಡಿ, ಒಳಗೆ ಸ್ವಲ್ಪ ಬಟ್ಟೆ ಬಿಟ್ಟು ಹೊಲೀರಿ” ಎಂದು ಮುಂದಿನ ಮಾತಿಗೆ ಹೋಗುತ್ತಾರೆ.

ರೂಪಕ್ಕೆ ಕೊಡುವ ಈ ಮಹತ್ವದಲ್ಲೇ ಖಿನ್ನತೆಯ ಎಳೆಯೂ ಇದೆ. ಬಾಲ್ಯದಲ್ಲಿ ಗಂಡು ಹೆಣ್ಣುಗಳಲ್ಲಿ ಹೆಚ್ಚುಕಡಿಮೆ ಸಮನಾಗಿರುವ ಖಿನ್ನತೆ, ಹನ್ನೆರಡು ಹದಿಮೂರರ ಸುಮಾರಿಗೆ ಕವಲೊಡೆದು, ಹರೆಯ ಕಳೆಯುವಷ್ಟರಲ್ಲಿ ಹುಡುಗಿಯರಲ್ಲಿ ಸುಮಾರು ಎರಡು ಪಟ್ಟಾಗುತ್ತದೆ. ಇದನ್ನು ಹಾರ್ಮೋನುಗಳ ತಲೆಗಷ್ಟೇ ಕಟ್ಟಲಾಗದು. ಪರರ ಕಣ್ಣಿನಿಂದಲೇ ತನ್ನನ್ನು ಸದಾ ನೋಡಿಕೊಳ್ಳುವ ಅಭ್ಯಾಸ ನಾಚಿಕೆಯನ್ನೂ ಆತಂಕವನ್ನೂ ಬೆಳೆಸಿ ಖಿನ್ನತೆಗೆ ದಾರಿ ಮಾಡುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿಗಳಾದ ಬಾರ್ಬರಾ ಫ್ರೆಡ್ರಿಕ್‌ಸನ್ ಮತ್ತು ಟೋಮಿ-ಆ್ಯನ್ ರಾಬರ್ಟ್ಸ್ 1997ರಲ್ಲಿ ವಾದಿಸಿದರು. ಛತ್ರದ ಬಾಗಿಲಲ್ಲೇ “ಏನೇ, ಇಷ್ಟೊಂದು ಊದಿದ್ದೀಯ?” ಎಂದು ಕುಶಲ ವಿಚಾರಿಸುವ ನಮ್ಮ ಬಂಧುಗಳು ಈ ಅಭ್ಯಾಸಕ್ಕೆ ಸಾಕಷ್ಟು ನೀರೆರೆದಿದ್ದಾರೆ.

ಹಾಗೆಂದು ನಡುವಯಸ್ಸು ನೆಮ್ಮದಿಯ ಕಾಲವೆಂದು ತಿಳಿಯುವಂತಿಲ್ಲ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಈಸ್ಟ್ರೊಜೆನ್ ಎಂಬ ಹಾರ್ಮೋನು ಏರುಪೇರಾಗಿ, ನಿದ್ದೆ ಕೆಟ್ಟು, ಕೊಬ್ಬು ಹೊಟ್ಟೆಯ ಸುತ್ತ ಶೇಖರವಾಗುತ್ತದೆ. ಖಿನ್ನತೆಯ ಲಕ್ಷಣಗಳ ಸಾಧ್ಯತೆಯೂ, ಅದರಲ್ಲೂ ಹಿಂದೊಮ್ಮೆ ಖಿನ್ನತೆಗೆ ಒಳಗಾದವರಲ್ಲಿ, ಹೆಚ್ಚುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಖಿನ್ನತೆ ಹೆಚ್ಚಾಗಿ ಕಂಡದ್ದು ಮಹಿಳೆಯರಲ್ಲಿ, 40ರಿಂದ 49ರ ವಯಸ್ಸಿನವರಲ್ಲಿ ಮತ್ತು ಮಹಾನಗರವಾಸಿಗಳಲ್ಲಿ. ಇದಕ್ಕೆಲ್ಲ ದೇಹದ ಬೇಸರವೇ ಮೂಲವೆಂದು ಹೇಳಲು ಬರುವುದಿಲ್ಲ. ಖಿನ್ನತೆಯೂ ತನ್ನ ಮೈಯನ್ನು ತನಗೇ ಅಸಹ್ಯವೆನಿಸುವಂತೆ ಮಾಡಬಲ್ಲದು.

“ತೂಕ ಏರುತ್ತಿದೆ, ಯಾವುದರಲ್ಲೂ ಮನಸ್ಸಿಲ್ಲ” ಎಂದು ಬರುವ ನಲವತ್ತೈದರ ಹೆಂಗಸಿಗೆ ವೈದ್ಯರು ಥೈರಾಯ್ಡ್ ಪರೀಕ್ಷೆ ಬರೆಯುವುದು ಸರಿಯೇ, ಏಕೆಂದರೆ ಆ ಗ್ರಂಥಿ ಮಂದವಾದರೆ ಎರಡೂ ಆಗುತ್ತವೆ. ವರದಿ ನಾರ್ಮಲ್ ಬಂದರೆ, ಡಯಟ್ ಚೀಟಿ ಕೊಟ್ಟು ಕಳಿಸುವ ಮೊದಲು, ಎರಡು ವಾರಗಳಿಂದ ನಿದ್ದೆ, ಹಸಿವು, ಉತ್ಸಾಹ ಹೇಗಿವೆಯೆಂದು ವಿಚಾರಿಸಬೇಕಾಗುತ್ತದೆ.