ಪೈಪ್ ತೆಗೆಯುವ ಹೊತ್ತು ಬಂತೇ? ಈಗ ಸ್ಕ್ಯಾನಿಂಗ್ ಕೂಡ ಹೇಳುತ್ತದೆ

"ಸಾರ್, ಪೈಪ್ ಯಾವಾಗ ತೆಗೀತೀರಾ?" ಕೋಲಾರದ ಐಸಿಯು ಬಾಗಿಲುಗಳಲ್ಲಿ ಮನೆಯವರು ಕೇಳುವ ಮೊದಲ ಪ್ರಶ್ನೆ ಇದು. ವೆಂಟಿಲೇಟರ್ ಯಂತ್ರದಿಂದ ಉಸಿರು ಕೊಡಲು ರೋಗಿಯ ಗಂಟಲಿಗೆ ಇಟ್ಟ ಕೊಳವೆಯೇ ಈ ಪೈಪ್. ಅವಸರಪಟ್ಟರೆ ರೋಗಿ ಮತ್ತೆ ಉಸಿರಿಗೆ ಒದ್ದಾಡುತ್ತಾನೆ. ತಡಮಾಡಿದರೆ ನ್ಯುಮೋನಿಯಾದ ಭಯ.

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ ರೋಗಿಗಳ ಗಂಟಲಿಗೆ ಕೊಳವೆ ಇಟ್ಟು, ವಿದ್ಯಾರ್ಥಿಗಳಿಂದ ಪಾಳಿಯಲ್ಲಿ ಚೀಲ ಒತ್ತಿಸಿ ಉಸಿರು ಕೊಡಿಸಿದರು. ಉಸಿರು ಕೊಡುವ ವಿದ್ಯೆ ಬೇಗ ಬೆಳೆಯಿತು, ಬಿಡಿಸುವ ವಿದ್ಯೆ ಹಿಂದೆ ಬಿತ್ತು. 1991ರಲ್ಲಿ ವೈದ್ಯರಾದ ಯಾಂಗ್ ಮತ್ತು ಟೋಬಿನ್ ಒಂದು ಲೆಕ್ಕ ಕೊಟ್ಟರು: ನಿಮಿಷಕ್ಕೆ ಎಷ್ಟು ಉಸಿರು ಎಂಬುದನ್ನು ಒಂದು ಉಸಿರಿನ ಲೀಟರ್ ಗಾತ್ರದಿಂದ ಭಾಗಿಸಿ, 105 ದಾಟಿದರೆ ಪೈಪ್ ತೆಗೆಯಲು ಕಾಯಿರಿ. ಈ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ಆದರೆ ಉಸಿರೆಳೆಯುವ ಮುಖ್ಯ ಸ್ನಾಯುವಾದ ವಪೆ ಹೇಗಿದೆ ಎಂಬುದನ್ನು ಅದು ತೋರಿಸುವುದಿಲ್ಲ.

ಆ ಸ್ನಾಯು ಎಷ್ಟು ಬೇಗ ಸೊರಗುತ್ತದೆ ಎಂಬುದು 2008ರಲ್ಲಿ ಗೊತ್ತಾಯಿತು. ಮಿದುಳು ನಿಷ್ಕ್ರಿಯಗೊಂಡ ಅಂಗದಾನಿಗಳಲ್ಲಿ 18ರಿಂದ 69 ಗಂಟೆ ವೆಂಟಿಲೇಟರ್ ಮೇಲಿದ್ದಾಗಲೇ ವಪೆಯ ನಾರುಗಳು ಅರ್ಧಕ್ಕಿಂತ ಹೆಚ್ಚು ಕುಗ್ಗಿದ್ದವು. ಕಟ್ಟು ಹಾಕಿದ ಕೈಯೂ ಅಷ್ಟು ಬೇಗ ಸೊರಗದು.

ಅಲ್ಟ್ರಾಸೌಂಡ್ ಇಲ್ಲಿಯೇ ನೆರವಿಗೆ ಬಂತು. ಬಲಗಡೆ ಕೆಳಪಕ್ಕೆಗಳ ನಡುವೆ ಪ್ರೋಬ್ ಇಟ್ಟರೆ ಎರಡು ಬಿಳಿ ಗೆರೆ, ನಡುವೆ ಕೆಲವೇ ಮಿಲಿಮೀಟರ್ ದಪ್ಪದ ಕಪ್ಪು ಪಟ್ಟಿ ಕಾಣುತ್ತದೆ. ಅದೇ ವಪೆ. ಉಸಿರೆಳೆದಾಗ ಅದು ಸುಮಾರು 30 ಶೇಕಡಾ ದಪ್ಪವಾದರೆ ಬಲವಿದೆ ಎಂಬ ಸೂಚನೆ. ಶ್ವಾಸಕೋಶದ ಸ್ಕ್ಯಾನ್‌ನಲ್ಲಿ ಮೇಲಿಂದ ಕೆಳಗಿಳಿಯುವ ಬಿಳಿ ಗೆರೆಗಳು ಹೆಚ್ಚಾಗಿದ್ದರೆ ನೀರು ತುಂಬಿದೆಯೇ ಎಂದು ಶಂಕಿಸಬೇಕು. ಆಗ ಹೃದಯವನ್ನೂ ನೋಡಬೇಕು.

ಟೊಮೆಟೊ, ತರಕಾರಿ ಬೆಳೆಯುವ ಕೋಲಾರಕ್ಕೆ ಇದು ಇನ್ನೂ ಹತ್ತಿರದ ಮಾತು. ಆರ್ಗನೋಫಾಸ್ಫೇಟ್ ಕೀಟನಾಶಕ ಮೈಗೇರಿದವರಲ್ಲಿ ಒಂದರಿಂದ ನಾಲ್ಕು ದಿನದೊಳಗೆ ಉಸಿರಿನ ಸ್ನಾಯುಗಳು ಸೋಲಬಹುದು ಎಂದು 1987ರಲ್ಲಿ ಶ್ರೀಲಂಕಾದ ವೈದ್ಯರು ವಿವರಿಸಿದ್ದರು. ಹರೆಯದ ರೋಗಿ ಕತ್ತು, ಎದೆಯ ಸ್ನಾಯುಗಳಿಂದ ಹೇಗೋ ಉಸಿರೆಳೆಯುತ್ತಾನೆ, ಲೆಕ್ಕ ಸರಿಯಾಗಿಯೇ ಬರುತ್ತದೆ, ವಪೆ ಮಾತ್ರ ಇನ್ನೂ ಎದ್ದಿರುವುದಿಲ್ಲ. ದಿನವೂ ಸ್ಕ್ಯಾನ್ ಮಾಡಿ ನೋಡಬೇಕಾದದ್ದು ಇಂಥವರನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಕೆಮ್ಮುವ ಶಕ್ತಿ, ಎಚ್ಚರ, ಕಫ ಎಷ್ಟು ಎಂಬುದನ್ನು ಹಾಸಿಗೆ ಪಕ್ಕ ನಿಂತೇ ತಿಳಿಯಬೇಕು.

ಭ್ರೂಣಲಿಂಗ ಪತ್ತೆ ತಡೆ ಕಾನೂನಿನಿಂದಾಗಿ ಸ್ಕ್ಯಾನಿಂಗ್ ಯಂತ್ರವೆಂದರೆ ಹಲವು ಆಸ್ಪತ್ರೆಗಳಿಗೆ ಅಂಜಿಕೆ. ಆ ಕಾನೂನು ಬೇಕೇ ಬೇಕು. ಆದರೆ ನೋಂದಾಯಿತ ಆವರಣದೊಳಗೆ ಒಳರೋಗಿಗಳಿಗೆ ಪೋರ್ಟಬಲ್ ಯಂತ್ರ ಬಳಸಲು 2012ರ ನಿಯಮವೇ ಅವಕಾಶ ಕೊಟ್ಟಿದೆ. ರೇಡಿಯಾಲಜಿ ಕೋಣೆಯಲ್ಲಿರುವ ಯಂತ್ರದ ಜೊತೆಗೆ ಐಸಿಯುಗೇ ಒಂದು ಯಂತ್ರ, ರಾತ್ರಿ ಪಾಳಿಯ ವೈದ್ಯರಿಗೂ ತರಬೇತಿ: ಜಿಲ್ಲೆಗೆ ಈಗ ಬೇಕಿರುವುದು ಇಷ್ಟು.